ಡಿಸ್ಕ್, ಡೌನ್‌ಲೋಡ್, ಚಂದಾ, ಕ್ಲೌಡ್: ಗೇಮ್‌ಗೆ ದುಡ್ಡು ಹಾಕುವ ಮುಂಚೆ

ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್‌ಗೆ ಹೋದ ಸಲ ಹಳೇ ಗೇಮ್ ಡಿಸ್ಕ್ ಕೊಡೋಕೆ ಹೋಗಿದ್ದೆ. ಅಂಗಡಿಯವನು ಡಬ್ಬಿ ಬಿಚ್ಚಿದ. ಡಿಸ್ಕನ್ನು ತೋರುಬೆರಳಿಗೆ ಸಿಕ್ಕಿಸಿಕೊಂಡ. ಟ್ಯೂಬ್‌ಲೈಟ್ ಕಡೆ ಓರೆ ಮಾಡಿ ನಿಧಾನಕ್ಕೆ ತಿರುಗಿಸಿದ. ಗೀರು ಇದೆಯಾ ಅಂತ ನೋಡೋದು. ಇಲ್ಲ ಅಂತ ಖಾತ್ರಿಯಾದ ಮೇಲೆ 2,500 ರೂಪಾಯಿ ಎಣಿಸಿ ಕೊಟ್ಟ.

ಪಕ್ಕದಲ್ಲಿದ್ದ ಅಕ್ಕನ ಮಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅವನು ಹುಟ್ಟಿದಾಗಿನಿಂದ ಆಡಿದ್ದೆಲ್ಲ ಮೊಬೈಲಿನಲ್ಲಿ. ಆಡಿ ಮುಗಿಸಿದ ಗೇಮನ್ನು ಮಾರಬಹುದು ಅನ್ನೋದೇ ಅವನಿಗೆ ಹೊಸ ಸುದ್ದಿ. ಪಿಯುಸಿ ಮುಗಿದಿದೆ, ಅಪ್ಪ ಕನ್ಸೋಲ್, ಅಂದರೆ ಟಿವಿಗೆ ಸಿಕ್ಕಿಸಿ ಗೇಮ್ ಆಡುವ ಡಬ್ಬಿ, ಕೊಡಿಸುತ್ತೇನೆ ಅಂದಿದ್ದಾರೆ. ಬಸ್ಸಿನಲ್ಲಿ ತೀರ್ಥಹಳ್ಳಿಯವರೆಗೂ ಅವನದ್ದು ಒಂದೇ ಪ್ರಶ್ನೆ: "ಮಾಮ, ಡಿಸ್ಕ್ ಇರೋದು ತಗೊಳ್ಲಾ, ಗೇಮ್ ಪಾಸ್ ಹಾಕಿಸಲಾ, ಕ್ಲೌಡ್ ಸಾಕಾ?" (ಗೇಮ್ ಪಾಸ್ ಅಂದರೆ ತಿಂಗಳ ಚಂದಾ ಕಟ್ಟಿ ಆಡೋದು, ಕ್ಲೌಡ್ ಅಂದರೆ ದೂರದ ಕಂಪ್ಯೂಟರ್‌ನಲ್ಲಿ ಓಡುವ ಗೇಮನ್ನು ನೆಟ್ ಮೇಲೆ ಆಡೋದು.)

ಯಾವುದು ಅಗ್ಗ ಅಂತ ಕೇಳುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳೋದು ಒಳ್ಳೆಯದು. ದುಡ್ಡು ಕಟ್ಟೋದು ನಿಲ್ಲಿಸಿದ ದಿನ, ಇಲ್ಲವೇ ಕಂಪನಿ ಬಾಗಿಲು ಹಾಕಿದ ದಿನ, ನಿಮ್ಮ ಕೈಯಲ್ಲಿ ಏನು ಉಳಿಯುತ್ತೆ? ನಾನು ಎಲ್ಲವನ್ನೂ ಇದರ ಮೇಲೇ ತೂಗುತ್ತೇನೆ. ಬೆಲೆ ಆಮೇಲೆ.

ಡಿಸ್ಕ್

ಡಿಸ್ಕ್ ಅಂದರೆ ಒಂದು ವಸ್ತು. ಮಾರಬಹುದು, ಅದಲು ಬದಲು ಮಾಡಬಹುದು, ಗೆಳೆಯನಿಗೆ ವಾರದ ಮಟ್ಟಿಗೆ ಕೊಡಬಹುದು. ಸೋನಿಯ ಕನ್ಸೋಲ್ ಪಿಎಸ್5ನ ದೊಡ್ಡ ಗೇಮ್‌ಗಳು ನಮ್ಮಲ್ಲಿ ಹೆಚ್ಚಾಗಿ 4,999 ರೂಪಾಯಿಗೆ ಬರುತ್ತವೆ. ಬಿಡುಗಡೆಯಾದ ಒಂದೆರಡು ತಿಂಗಳಲ್ಲಿ ಆಡಿ ಮುಗಿಸಿ ಮಾರಿದರೆ ಅರ್ಧ ದುಡ್ಡು ವಾಪಸ್ ಬರುತ್ತೆ, ಇದು ನನ್ನ ಅನುಭವ. ಕಪಾಟಿನಲ್ಲಿ ವರ್ಷ ಇಟ್ಟರೆ ಆ ಬೆಲೆ ಮರೆತುಬಿಡಿ. ಮಾವಿನ ಹಣ್ಣಿನ ವ್ಯಾಪಾರ ಇದ್ದ ಹಾಗೆ.

ಹೀಗೆ ಕೈ ಬದಲಾಗುವ ಡಿಸ್ಕ್‌ನಿಂದ ಗೇಮ್ ಮಾಡಿದ ಕಂಪನಿಗೆ ಒಂದು ಪೈಸೆಯೂ ಸಿಗುವುದಿಲ್ಲ. ಒಂದೇ ಡಿಸ್ಕ್ ಐದು ಜನರ ಮನೆ ಸುತ್ತಿದರೂ ಅವರಿಗೆ ಬಂದದ್ದು ಒಬ್ಬನ ದುಡ್ಡು. ಡಿಸ್ಕ್ ಡ್ರೈವ್ ಇಲ್ಲದ ಕನ್ಸೋಲ್‌ಗಳು ಯಾಕೆ ಜಾಸ್ತಿಯಾಗುತ್ತಿವೆ ಅಂತ ಇದರಲ್ಲೇ ಗೊತ್ತಾಗುತ್ತೆ ಅಲ್ವಾ? ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಡ್ರೈವೇ ಇಲ್ಲ. 2024ರ ಪಿಎಸ್5 ಪ್ರೊಗೂ ಇಲ್ಲ, ಬೇಕಾದರೆ ಬೇರೆ ಕೊಂಡು ಸಿಕ್ಕಿಸಬೇಕು. (ಪ್ರೊ ಆಗ ಭಾರತಕ್ಕೆ ಬರಲೇ ಇಲ್ಲ. ಅದು ಬಳಸುವ 6 ಗಿಗಾಹರ್ಟ್ಸ್ ವೈಫೈ ತರಂಗಕ್ಕೆ ಇಲ್ಲಿ ಇನ್ನೂ ಅನುಮತಿ ಇರಲಿಲ್ಲ. ಆಟದ ಡಬ್ಬಿಯನ್ನು ವೈಫೈ ತಡೆದು ನಿಲ್ಲಿಸಿದ್ದು ಅದೇ ಮೊದಲು ಇರಬೇಕು.)

ಹಾಗಾದರೆ ಡ್ರೈವ್‌ಗೆ ಜಾಸ್ತಿ ಕೊಡಬೇಕಾ? 2021ರ ಫೆಬ್ರವರಿಯಲ್ಲಿ ಪಿಎಸ್5 ಇಲ್ಲಿಗೆ ಬಂದಾಗ ಡ್ರೈವ್ ಇದ್ದದ್ದಕ್ಕೆ 49,990, ಇಲ್ಲದ್ದಕ್ಕೆ 39,990 ರೂಪಾಯಿ ಇತ್ತು. ಬೆಲೆಗಳು ಆಮೇಲೆ ಬದಲಾಗಿವೆ, ಆದರೆ ಲೆಕ್ಕದ ದಾರಿ ಅದೇ. ಒಂದು ಡಿಸ್ಕ್ ಮಾರಿದರೆ 2,500 ವಾಪಸ್ ಅಂದರೆ, ನಾಲ್ಕು ಗೇಮ್‌ಗೆ ಆ 10,000 ಬಂತು. ಐದನೆಯದರಿಂದ ಲಾಭ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇನ್ನೂ ಬೇಗ. ಆದರೆ ನಿಮ್ಮ ಊರಿನಲ್ಲಿ ಡಿಸ್ಕ್ ಕೊಳ್ಳುವ ಅಂಗಡಿ ಇರಬೇಕು, ಅಥವಾ ಮಾರುವ ಗುಂಪು ನಿಮಗೆ ಗೊತ್ತಿರಬೇಕು. ಎರಡೂ ಇಲ್ಲದಿದ್ದರೆ ಈ ಲೆಕ್ಕ ಕಾಗದದ ಮೇಲಷ್ಟೇ.

ಇನ್ನೊಂದು ಕಡೆ ಹುಷಾರಾಗಿರಬೇಕು. ಡಿಸ್ಕ್ ಇದ್ದ ಮಾತ್ರಕ್ಕೆ ಅದರೊಳಗೆ ಗೇಮ್ ಇರುತ್ತೆ ಅಂತಿಲ್ಲ. 2022ರ ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2ರ ಪಿಎಸ್5 ಡಿಸ್ಕ್‌ನಲ್ಲಿ ಇದ್ದದ್ದು 100 ಎಂಬಿಗಿಂತ ಕಡಿಮೆ. ಉಳಿದದ್ದೆಲ್ಲ ನೆಟ್‌ನಿಂದ ಇಳಿಸಿಕೊಳ್ಳಬೇಕು. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಇದಕ್ಕೆ ಒಂದು ಹೆಸರನ್ನೇ ಇಟ್ಟಿದೆ: ಗೇಮ್ ಕೀ ಕಾರ್ಡ್. ಕಾರ್ಡ್‌ನಲ್ಲಿ ಬರೀ ಬೀಗದ ಕೈ, ಮನೆ ಇರೋದು ಸರ್ವರ್‌ನಲ್ಲಿ, ಅಂದರೆ ಕಂಪನಿಯ ಕಂಪ್ಯೂಟರ್‌ನಲ್ಲಿ. ಆದರೂ ಅದನ್ನು ಮಾರಬಹುದು, ಅಷ್ಟು ಸಮಾಧಾನ. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದದೆ ದುಡ್ಡು ಕೊಡಬೇಡಿ.

ಕಂಪ್ಯೂಟರ್‌ನಲ್ಲಿ ಆಡುವವರಿಗೆ ಡಿಸ್ಕ್‌ನ ಕಥೆ ಮುಗಿದು ಹಲವು ವರ್ಷಗಳಾದವು. ಮುಂದಕ್ಕೆ ಹೋಗೋಣ.

ಡೌನ್‌ಲೋಡ್

ಪಿಸಿಯಲ್ಲಿ ಗೇಮ್ ಅಂದರೆ ಸ್ಟೀಮ್. 2003ರಲ್ಲಿ ಶುರುವಾದ ಆನ್‌ಲೈನ್ ಅಂಗಡಿ, 2015ರಲ್ಲಿ ರೂಪಾಯಿ ಬೆಲೆ ತಂದಿತು, ಈಗ ಯುಪಿಐ ಕೂಡ ತಗೊಳ್ಳುತ್ತೆ. ಇಲ್ಲಿ ಸೆಕೆಂಡ್ ಹ್ಯಾಂಡ್ ಇಲ್ಲ, ಅದರ ಬದಲು ಸೇಲ್ ಇದೆ. ಬೇಸಿಗೆ, ಚಳಿಗಾಲ, ನಡುವೆ ಇನ್ನೊಂದೆರಡು. ಎರಡು ವರ್ಷ ಹಳೆಯ ದೊಡ್ಡ ಗೇಮ್ ಅರ್ಧ ಬೆಲೆಗೆ ಬರೋದು ಮಾಮೂಲು. ನಾನು ಬೇಕಾದ ಗೇಮನ್ನು ಅಲ್ಲಿನ ವಿಶ್‌ಲಿಸ್ಟ್‌ಗೆ ಹಾಕಿ ಸುಮ್ನೆ ಕೂರುತ್ತೇನೆ. ಬೆಲೆ ಇಳಿದಿದೆ ಅಂತ ಮೇಲ್ ಬಂದಾಗ ಕೊಂಡರೆ ಆಯಿತು.

ಸ್ಟೀಮ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಹಣ ವಾಪಸ್ ಕೊಡುವ ನಿಯಮ. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ, ಕಾರಣ ಏನೇ ಇರಲಿ, ವಾಪಸ್. ನಿಮ್ಮ ಹಳೇ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಓಡುತ್ತಾ ಅಂತ ನೋಡೋಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಮೊದಲ ಅರ್ಧ ಗಂಟೆ ಕಥೆ ನೋಡುತ್ತಾ ಕೂರಬೇಡಿ, ಗ್ರಾಫಿಕ್ಸ್ ಸೆಟ್ಟಿಂಗ್ ತಿರುಗಿಸಿ, ಗದ್ದಲ ಇರುವ ಜಾಗಕ್ಕೆ ಹೋಗಿ ನೋಡಿ. ಮನೆಯಲ್ಲಿ ಅಣ್ಣ ತಮ್ಮಂದಿರಿದ್ದರೆ ಸ್ಟೀಮ್ ಫ್ಯಾಮಿಲೀಸ್ ಅಂತಿದೆ, ಆರು ಜನರವರೆಗೆ ಗೇಮ್ ಹಂಚಿಕೊಳ್ಳಬಹುದು. ಒಂದೇ ಪ್ರತಿಯನ್ನು ಇಬ್ಬರು ಒಟ್ಟಿಗೆ ಆಡುವಂತಿಲ್ಲ, ಅಷ್ಟೇ.

ಇನ್ನು ಕೈಯಲ್ಲಿ ಏನು ಉಳಿಯುತ್ತೆ ಅನ್ನೋ ಪ್ರಶ್ನೆ. 2024ರ ಅಕ್ಟೋಬರ್‌ನಿಂದ ಸ್ಟೀಮ್ ದುಡ್ಡು ಕಟ್ಟುವ ಪುಟದಲ್ಲೇ ಒಂದು ಸಾಲು ಹಾಕುತ್ತಿದೆ: ನೀವು ಕೊಳ್ಳುತ್ತಿರುವುದು ಗೇಮ್ ಅಲ್ಲ, ಅದನ್ನು ಬಳಸುವ ಪರವಾನಗಿ. ಕ್ಯಾಲಿಫೋರ್ನಿಯಾದಲ್ಲಿ ಬಂದ ಕಾನೂನು ಅದನ್ನು ಬಾಯಿ ಬಿಟ್ಟು ಹೇಳುವಂತೆ ಮಾಡಿತು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದು ಕ್ರಯ ಅಲ್ಲ, ಲೀಸ್. ಅದೂ ಕೊನೆಗೆ ದುಡ್ಡು ವಾಪಸ್ ಬರದ ಲೀಸ್.

ಯೂಬಿಸಾಫ್ಟ್‌ನ ದ ಕ್ರೂ ಕಾರ್ ರೇಸ್ ಗೇಮ್ 2014ರಲ್ಲಿ ಬಂತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಒಬ್ಬರೇ ಕೂತು ಆಡಿದರೂ ಸರ್ವರ್ ಬೇಕಿದ್ದ ಗೇಮ್ ಅದು, ಹಾಗಾಗಿ ಡಿಸ್ಕ್ ಇದ್ದವರಿಗೂ ಆಟ ಹೋಯಿತು. ಇದರಿಂದ ಸಿಟ್ಟಾದವರು 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಅನ್ನೋ ಚಳವಳಿ ಕಟ್ಟಿದರು, ಯುರೋಪ್ ಒಕ್ಕೂಟಕ್ಕೆ ಕೊಟ್ಟ ಅವರ ಮನವಿಗೆ 2025ರ ಜುಲೈನಲ್ಲಿ 10 ಲಕ್ಷ ಸಹಿ ದಾಟಿತು. ಇದನ್ನೆಲ್ಲ ಓದಿ ಹೆದರಬೇಕಿಲ್ಲ. ಒಬ್ಬರೇ ಆಡುವ, ನೆಟ್ ಬೇಡದ ಗೇಮ್‌ಗೆ ಈ ಅಪಾಯ ಕಡಿಮೆ. ಪೋಲೆಂಡ್‌ನ ಜಿಒಜಿ ಅಂಗಡಿಯಲ್ಲಿ ಕೊಂಡರೆ ಇನ್ನೂ ಕಡಿಮೆ. ಅಲ್ಲಿ ಇನ್‌ಸ್ಟಾಲರ್ ಫೈಲನ್ನೇ ಕೊಡುತ್ತಾರೆ, ಬೀಗ ಇಲ್ಲ. ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಂಡರೆ ನಿಮ್ಮದೇ.

ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಹಿಂದೆ ಒಂದು ಆನ್‌ಲೈನ್ ಅಂಗಡಿಯಲ್ಲಿ ಏಳೆಂಟು ಗೇಮ್ ಕೊಂಡಿದ್ದೆ. ಮೊಬೈಲ್ ನಂಬರ್ ಬದಲಾಯಿತು, ಮೇಲ್ ಐಡಿ ಹಳೇ ಆಫೀಸಿನದ್ದು. ಆಮೇಲೆ ಒಟಿಪಿ ಎಲ್ಲಿಗೆ ಹೋಗಬೇಕು? ಬಿಲ್ ತೋರಿಸಿ ಅಂದರು, ಬಿಲ್ ಇದ್ದದ್ದು ಅದೇ ಮೇಲ್‌ನಲ್ಲಿ. ತಿಂಗಳುಗಟ್ಟಲೆ ಬರೆದೆ, ಕೊನೆಗೆ ಕೈ ಬಿಟ್ಟೆ. ಡೌನ್‌ಲೋಡ್ ದಾರಿ ಹಿಡಿಯುವವರು ಆಫೀಸು, ಕಾಲೇಜಿನ ಐಡಿ ಹಾಕಬೇಡಿ. ಗೇಮ್ ಖಾತೆ ಅಂದರೆ ಈಗ ಬ್ಯಾಂಕ್ ಖಾತೆ ಇದ್ದ ಹಾಗೇ.

ನೆಟ್ ವೇಗವನ್ನೂ ಲೆಕ್ಕ ಹಾಕಿ. 100 ಜಿಬಿ ಗೇಮ್ ಈಗ ದೊಡ್ಡ ವಿಷಯ ಅಲ್ಲ. 40 ಎಂಬಿಪಿಎಸ್ ಫೈಬರ್‌ನಲ್ಲಿ, ಒಂದು ಕ್ಷಣವೂ ಕಡಿಯದೆ ಬಂದರೆ, ಅದಕ್ಕೆ ಐದೂವರೆ ಗಂಟೆ. ತೀರ್ಥಹಳ್ಳಿಯ ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಹೋದರೆ ಆ ಲೆಕ್ಕ ದಿನಗಳಲ್ಲಿ ಹಾಕಬೇಕಾಗುತ್ತೆ.

ಚಂದಾ

ಹಿಂದೆ ಪ್ರತಿ ಬಡಾವಣೆಯಲ್ಲೂ ಸರ್ಕ್ಯುಲೇಟಿಂಗ್ ಲೈಬ್ರರಿ ಇರುತ್ತಿತ್ತು. ತಿಂಗಳಿಗೆ ಇಷ್ಟು ಅಂತ ಕಟ್ಟಿ ಕಾದಂಬರಿ ತರೋದು, ಓದಿ ವಾಪಸ್ ಕೊಡೋದು. ಗೇಮ್ ಪಾಸ್ ಅದೇ. ಮೈಕ್ರೋಸಾಫ್ಟ್ ಇದನ್ನು 2017ರಲ್ಲಿ ಶುರುಮಾಡಿತು. ತಿಂಗಳ ಚಂದಾಗೆ ನೂರಾರು ಗೇಮ್, ಮೈಕ್ರೋಸಾಫ್ಟ್‌ನ ಸ್ವಂತ ಗೇಮ್‌ಗಳು ಬಿಡುಗಡೆಯ ದಿನವೇ. ಹಲವು ವರ್ಷ ಇದಕ್ಕಿಂತ ಒಳ್ಳೆ ವ್ಯಾಪಾರ ಇರಲಿಲ್ಲ. ನಾನೇ ಸಿಕ್ಕಸಿಕ್ಕವರಿಗೆ ಹಾಕಿಸಿಕೊಳ್ಳಿ ಅಂತಿದ್ದೆ.

ಈಗ ಹಾಗೆ ಹೇಳುವುದಿಲ್ಲ. ಅಮೆರಿಕದಲ್ಲಿ ಗೇಮ್ ಪಾಸ್‌ನ ಎಲ್ಲಕ್ಕಿಂತ ಮೇಲಿನ ಚಂದಾ, ಅಲ್ಟಿಮೇಟ್, ತಿಂಗಳಿಗೆ 14.99 ಡಾಲರ್ ಇದ್ದದ್ದು 2023ರಲ್ಲಿ 16.99, 2024ರಲ್ಲಿ 19.99, 2025ರ ಅಕ್ಟೋಬರ್‌ನಲ್ಲಿ ಒಂದೇ ಏಟಿಗೆ 29.99 ಆಯಿತು. ಅದೇ ಅಕ್ಟೋಬರ್‌ನಲ್ಲಿ ನಮ್ಮಲ್ಲೂ 829 ರೂಪಾಯಿ ಇದ್ದದ್ದು 1,389ಕ್ಕೆ ಹೋಯಿತು. ಇಂಥ ಬೆಲೆ ಇವತ್ತಿದ್ದ ಹಾಗೆ ನಾಳೆ ಇರಲ್ಲ, ಕಟ್ಟುವ ದಿನ ಇನ್ನೊಮ್ಮೆ ನೋಡಿಕೊಳ್ಳಿ.

ಯಾಕೆ ಏರಿತು? 2023ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಸುಮಾರು 69 ಬಿಲಿಯನ್ ಡಾಲರ್ ಕೊಟ್ಟು ಕಾಲ್ ಆಫ್ ಡ್ಯೂಟಿ ಮಾಡುವ ಆಕ್ಟಿವಿಷನ್ ಬ್ಲಿಜಾರ್ಡ್ ಕಂಪನಿಯನ್ನು ಕೊಂಡಿತು. ಮರುವರ್ಷ ಕಾಲ್ ಆಫ್ ಡ್ಯೂಟಿಯನ್ನೇ ಮೊದಲ ದಿನ ಚಂದಾದಾರರಿಗೆ ಕೊಟ್ಟಿತು. 70 ಡಾಲರ್‌ಗೆ ಮಾರುತ್ತಿದ್ದ ಗೇಮನ್ನು ಊಟದ ತಟ್ಟೆಗೆ ಉಪ್ಪಿನಕಾಯಿ ಹಾಕಿದ ಹಾಗೆ ಹಾಕಿದರೆ, ಆ ದುಡ್ಡು ಎಲ್ಲಿಂದಲಾದರೂ ಬರಬೇಕಲ್ಲ. ಇದು ನನ್ನ ಊಹೆ, ಆದರೆ ಅಂಗಡಿ ನಡೆಸಿದವರು ಯಾರೂ ಬೇರೆ ಥರ ಹೇಳಲ್ಲ ಅನಿಸುತ್ತೆ.

ಲೆಕ್ಕಕ್ಕೆ ಬರೋಣ. ನೀವು ವಾರಕ್ಕೆ ನಾಲ್ಕು ಗಂಟೆ ಆಡುತ್ತೀರಿ, ಶನಿವಾರ ಎರಡು, ಭಾನುವಾರ ಎರಡು. 60 ಗಂಟೆಯ ದೊಡ್ಡ ಗೇಮ್ ಮುಗಿಸೋಕೆ 15 ವಾರ, ಸುಮಾರು ಮೂರೂವರೆ ತಿಂಗಳು, ಅಂದರೆ ಚಂದಾ ನಾಲ್ಕು ಸಲ ಕಟ್ಟಬೇಕು. 2025ರ ಅಕ್ಟೋಬರ್‌ನ ಆ 1,389ರ ಲೆಕ್ಕದಲ್ಲಿ ಅದು 5,556 ರೂಪಾಯಿ. ಅದೇ ಗೇಮನ್ನು 4,999 ಕೊಟ್ಟು ಕೊಂಡಿದ್ದರೆ ಅದು ನಿಮ್ಮ ಹತ್ತಿರವೇ ಇರುತ್ತಿತ್ತು. ನೂರಾರು ಗೇಮ್ ಇದ್ದರೂ ನಿಮ್ಮ ಕಣ್ಣು ಎರಡೇ, ಸಂಜೆ ಒಂದೇ.

ಇನ್ನೊಂದು ಥರದವರಿದ್ದಾರೆ. ದಿನಾ ಮೂರು ಗಂಟೆ ಆಡುವ ಕಾಲೇಜು ಹುಡುಗರು. ಹತ್ತು ಗೇಮ್ ರುಚಿ ನೋಡಿ ಒಂದನ್ನು ಹಿಡಿಯುವವರು. ಇವರಿಗೆ ಚಂದಾ ಈಗಲೂ ಲಾಭವೇ. 2025ರಲ್ಲಿ ಫ್ರಾನ್ಸ್‌ನ ಸಣ್ಣ ತಂಡ ಮಾಡಿದ ಕ್ಲೇರ್ ಅಬ್‌ಸ್ಕ್ಯೂರ್: ಎಕ್ಸ್‌ಪೆಡಿಷನ್ 33 ಮೊದಲ ದಿನವೇ ಗೇಮ್ ಪಾಸ್‌ನಲ್ಲಿತ್ತು, ವರ್ಷದ ಕೊನೆಗೆ ದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಆಯಿತು. ಹಾಲೋ ನೈಟ್: ಸಿಲ್ಕ್‌ಸಾಂಗ್ ಕೂಡ ಹಾಗೇ. ಅದನ್ನು ಕೊಳ್ಳೋಕೆ ಜನ ನುಗ್ಗಿ ಸ್ಟೀಮ್ ಅಂಗಡಿಯೇ ಸ್ವಲ್ಪ ಹೊತ್ತು ಕುಸಿದಿದ್ದ ದಿನ ಚಂದಾದಾರರು ಆರಾಮಾಗಿ ಆಡುತ್ತಿದ್ದರು.

ನಾನು ಈಗ ಮಾಡೋದು ಇಷ್ಟು. ಚಂದಾ ವರ್ಷಪೂರ್ತಿ ಇಟ್ಟುಕೊಳ್ಳಲ್ಲ. ಎರಡು ಮೂರು ಗೇಮ್ ಗುರುತು ಹಾಕಿಕೊಂಡು, ದಸರಾ ರಜೆಯ ತಿಂಗಳು ಹಾಕಿಸಿ, ಮುಗಿಸಿ, ನಿಲ್ಲಿಸುತ್ತೇನೆ. ಹಾಕಿಸಿದ ದಿನವೇ ಆಟೋ ರಿನ್ಯೂ ತೆಗೆದುಬಿಡಿ. ಇಷ್ಟವಾದ ಗೇಮ್ ಪಟ್ಟಿಯಿಂದ ಹೊರಡುವ ಮುಂಚೆ ಆ್ಯಪ್‌ನಲ್ಲೇ ಹೇಳುತ್ತಾರೆ, ಆಗ ರಿಯಾಯಿತಿಯಲ್ಲಿ ಕೊಳ್ಳೋಕೂ ಬಿಡುತ್ತಾರೆ.

ಸೋನಿಯ ಚಂದಾ, ಪಿಎಸ್ ಪ್ಲಸ್, 2022ರಿಂದ ಮೂರು ಮೆಟ್ಟಿಲಾಗಿದೆ. ನಮ್ಮಲ್ಲಿ ಎಸೆನ್ಷಿಯಲ್, ಎಕ್ಸ್‌ಟ್ರಾ, ಡಿಲಕ್ಸ್. ಸೋನಿ ತನ್ನ ದೊಡ್ಡ ಗೇಮ್‌ಗಳನ್ನು ಮೊದಲ ದಿನ ಇದರಲ್ಲಿ ಹಾಕುವುದಿಲ್ಲ, ಮೊದಲು ಮಾರಿಕೊಳ್ಳುತ್ತೆ. ಹಾಗಾಗಿ ಇದು ಹಳೇ ಗೇಮ್‌ಗಳ ಲೈಬ್ರರಿ ಅಂದುಕೊಳ್ಳಿ. ಹೊಸದಾಗಿ ಕನ್ಸೋಲ್ ಕೊಂಡವರಿಗೆ ಒಂದು ವರ್ಷದ ಮಟ್ಟಿಗೆ ಎಕ್ಸ್‌ಟ್ರಾ ಚೆನ್ನಾಗಿದೆ. ಕನ್ಸೋಲ್‌ನಲ್ಲಿ ದುಡ್ಡು ಕೊಟ್ಟು ಕೊಂಡ ಗೇಮನ್ನು ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡೋಕೆ ಹೇಗಿದ್ದರೂ ಚಂದಾ ಬೇಕು. ಫೋರ್ಟ್‌ನೈಟ್‌ನಂಥ ಉಚಿತ ಗೇಮ್‌ಗಳಿಗೆ ಬೇಡ. ಪಿಸಿಯಲ್ಲಿ ಆನ್‌ಲೈನ್ ಆಡೋಕೆ ಇಂಥ ಚಂದಾ ಬೇಡ. ಕನ್ಸೋಲ್ ಅಗ್ಗ ಅಂತ ಹೇಳುವವರು ಈ ಖರ್ಚು ಸೇರಿಸೋದೇ ಇಲ್ಲ.

ಕ್ಲೌಡ್

ಕನ್ಸೋಲೇ ಬೇಡ, ಗೇಮ್ ದೂರದ ಸರ್ವರ್‌ನಲ್ಲಿ ಓಡುತ್ತೆ, ನಿಮ್ಮ ಟಿವಿಗೋ ಫೋನಿಗೋ ಬರೋದು ಬರೀ ವಿಡಿಯೊ. ಕೇಳೋಕೆ ಚೆನ್ನಾಗಿದೆ. ಗೂಗಲ್ 2019ರ ನವೆಂಬರ್‌ನಲ್ಲಿ ಸ್ಟೇಡಿಯಾ ಅಂತ ಇದನ್ನೇ ಮಾಡಿತು, 2023ರ ಜನವರಿ 18ಕ್ಕೆ ಮುಚ್ಚಿತು. ಗೇಮ್ ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟರು, ಅದನ್ನು ಹೇಳಲೇಬೇಕು. ಭಾರತಕ್ಕೆ ಅದು ಬರಲೇ ಇಲ್ಲ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ 2025ರ ನವೆಂಬರ್‌ನಲ್ಲಿ ಇಲ್ಲಿ ಶುರುವಾಯಿತು, ಗೇಮ್ ಪಾಸ್ ಚಂದಾದ ಜೊತೆಯಲ್ಲೇ ಸಿಗುತ್ತೆ.

ಕ್ಲೌಡ್‌ನ ಖರ್ಚು ಚಂದಾದಲ್ಲಿ ಕಾಣಲ್ಲ, ಡೇಟಾದಲ್ಲಿ ಕಾಣುತ್ತೆ. 20 ಎಂಬಿಪಿಎಸ್‌ನಲ್ಲಿ ವಿಡಿಯೊ ಬಂದರೆ ಗಂಟೆಗೆ 9 ಜಿಬಿ. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕ್ 13 ನಿಮಿಷಕ್ಕೆ ಖಾಲಿ! ಮನೆಯಲ್ಲಿ ಫೈಬರ್ ಇರಲೇಬೇಕು. ಎರಡನೆಯದು ತಡ. ಸೆಕೆಂಡಿಗೆ 60 ಚಿತ್ರ ತೋರಿಸುವ ಗೇಮ್‌ನಲ್ಲಿ ಒಂದು ಚಿತ್ರಕ್ಕೆ ಸಿಗೋದು ಸುಮಾರು 17 ಮಿಲಿಸೆಕೆಂಡ್. ನೀವು ಬಟನ್ ಒತ್ತಿದ್ದು ಸರ್ವರ್‌ಗೆ ಹೋಗಿ, ಚಿತ್ರವಾಗಿ ವಾಪಸ್ ಬರೋ ಹೊತ್ತಿಗೆ ಮೂರು ನಾಲ್ಕು ಚಿತ್ರ ಕಳೆದರೆ ಕೈಗೆ ಗೊತ್ತಾಗುತ್ತೆ. ಕಥೆಯ ಗೇಮ್, ನಿಧಾನದ ಗೇಮ್‌ಗೆ ತೊಂದರೆ ಇಲ್ಲ. ಕ್ರಿಕೆಟ್, ಫೈಟಿಂಗ್, ಶೂಟಿಂಗ್‌ಗೆ ಬೇಸರ ಬರುತ್ತೆ. ರೂಟರ್‌ಗೆ ವೈರ್ ಹಾಕಿ ಆಡಿದರೆ ಸ್ವಲ್ಪ ಪರವಾಗಿಲ್ಲ.

ಆದರೂ ಇದನ್ನು ತಳ್ಳಿಹಾಕಬೇಡಿ. 2025ರ ಕೊನೆಗೆ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನೆಲ್ಲ ಬಾಚಿಕೊಳ್ಳುತ್ತಿದ್ದ ಕಾರಣ ರ‍್ಯಾಮ್ ಬೆಲೆ ಹುಚ್ಚಾಪಟ್ಟೆ ಏರಿತು. ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡ್‌ನಲ್ಲಿ ಕೂತು ಪಿಸಿ ಕಟ್ಟಿಸುವ ಆಸೆ ಇದ್ದವರಿಗೆ ಇದು ಕೆಟ್ಟ ಕಾಲ. ಹೊಸ ಪಿಸಿಯನ್ನು ಒಂದು ವರ್ಷ ಮುಂದಕ್ಕೆ ಹಾಕೋಕೆ ಕ್ಲೌಡ್ ಒಂದು ದಾರಿ. ಅಲ್ಲಿ ಗೇಮ್ ಮಾತ್ರ ಕೊಳ್ಳಬೇಡಿ, ಚಂದಾದಲ್ಲಿರೋದನ್ನಷ್ಟೇ ಆಡಿ.

ಉಚಿತ ಗೇಮ್‌ಗಳು

ಅಕ್ಕನ ಮಗ ಬೆಳೆದದ್ದು ಇದರಲ್ಲೇ, ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಪಬ್ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು. 2021ರ ಜುಲೈನಲ್ಲಿ ಬಿಜಿಎಂಐ ಅನ್ನೋ ಹೊಸ ಹೆಸರಲ್ಲಿ ಬಂತು, 2022ರ ಜುಲೈನಲ್ಲಿ ಆ್ಯಪ್ ಅಂಗಡಿಯಿಂದ ಮತ್ತೆ ಮಾಯ, 2023ರ ಮೇನಲ್ಲಿ ವಾಪಸ್. ಆ ಹತ್ತು ತಿಂಗಳು ಅವನು ಕೊಂಡಿದ್ದ ಬಟ್ಟೆ, ಗನ್ ಸ್ಕಿನ್‌ಗಳು ಎಲ್ಲಿ ಹೋಗುತ್ತವೋ ಅಂತ ಅವನಿಗೆ ನಿದ್ದೆ ಇರಲಿಲ್ಲ. ಉಚಿತ ಗೇಮ್‌ನಲ್ಲಿ ದುಡ್ಡು ಹಾಕೋದು ಅಂದರೆ ಇದು. ಆಡೋಕೆ ಬಿಟ್ಟಿ, ಕೊಂಡ ಸಾಮಾನು ಅವರ ಮನೆಯಲ್ಲೇ.

ಹಾಗಂತ ದುಡ್ಡು ಕೊಟ್ಟರೆ ಭದ್ರ ಅಂತೇನೂ ಇಲ್ಲ. ಸೋನಿಯ ಕಾಂಕಾರ್ಡ್ 40 ಡಾಲರ್‌ನ ಗೇಮ್, 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಬಂದ್. ಆನ್‌ಲೈನ್‌ನಲ್ಲಷ್ಟೇ ಆಡುವ ಹೊಸ ಗೇಮ್ ಯಾವುದೇ ಇರಲಿ, ಮೊದಲ ತಿಂಗಳು ಬೇರೆಯವರು ಆಡಲಿ ಬಿಡಿ. ಕಾಂಕಾರ್ಡ್ ಕೊಂಡವರಿಗೆ ಸೋನಿ ದುಡ್ಡು ವಾಪಸ್ ಕೊಟ್ಟಿತು, ಎಲ್ಲರೂ ಕೊಡಲ್ಲ.

ಮನೆಯಲ್ಲಿ ಮಕ್ಕಳಿದ್ದರೆ ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇಡಿ. ಕಾರ್ಡ್ ಬದಲು ಗಿಫ್ಟ್ ಕೋಡ್ ಕೊಟ್ಟರೆ ಇನ್ನೂ ಒಳ್ಳೆಯದು, ಮುಗಿದರೆ ಮುಗಿಯಿತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ರಮ್ಮಿ, ಫ್ಯಾಂಟಸಿ ಆಟಗಳು ಬೇರೆಯೇ ಜಾತಿ. 2025ರ ಆಗಸ್ಟ್‌ನ ಕೇಂದ್ರ ಕಾನೂನು ಅವನ್ನು ನಿಷೇಧಿಸಿದೆ, ಹಾಗಾಗಿ ಇಲ್ಲಿ ಅದರ ಮಾತಿಲ್ಲ.

ಹುಡುಗ ಏನು ತಗೊಂಡ

ತೀರ್ಥಹಳ್ಳಿಯ ಮನೆಯಲ್ಲಿ ಫೈಬರ್ ಇದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ನಂಬೋ ಹಾಗಿಲ್ಲ. ಕರೆಂಟೂ ಹಾಗೇ. ಕ್ಲೌಡ್ ಅಲ್ಲಿಗೇ ಬಿಟ್ಟುಹೋಯಿತು. ಅವನು ಒಬ್ಬನೇ ಕೂತು ಕಥೆಯ ಗೇಮ್ ಆಡುವವನು, ಒಂದು ಮುಗಿಯುವವರೆಗೂ ಇನ್ನೊಂದು ಮುಟ್ಟಲ್ಲ. ಚಂದಾದ ನೂರಾರು ಗೇಮ್ ಅವನಿಗೆ ಬೇಡ. ಡಿಸ್ಕ್ ಡ್ರೈವ್ ಇರುವ ಪಿಎಸ್5 ತಗೊಂಡ, ಜೊತೆಗೆ ಒಂದು ಸಣ್ಣ ಯುಪಿಎಸ್. ಅವನ ಅಕ್ಕ ಮಂಗಳೂರಿನ ಹಾಸ್ಟೆಲ್‌ನಲ್ಲಿದ್ದಾಳೆ, ಲ್ಯಾಪ್‌ಟಾಪ್ ಅಷ್ಟೇ. ಅವಳಿಗೆ ಸ್ಟೀಮ್ ಸೇಲ್, ಮತ್ತೆ ಸ್ಟಾರ್‌ಡ್ಯೂ ವ್ಯಾಲಿ ಥರದ ಸಣ್ಣ ಗೇಮ್‌ಗಳು ಸಾಕು ಅಂದೆ. ಒಬ್ಬನೇ ಮನುಷ್ಯ ವರ್ಷಗಟ್ಟಲೆ ಕೂತು ಮಾಡಿದ ಆ ಹೊಲದ ಗೇಮ್ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ.

ಈಗ ಹುಡುಗನ ಕಣ್ಣಿರೋದು ಜಿಟಿಎ 6 ಮೇಲೆ. 2026ರ ನವೆಂಬರ್ 19ಕ್ಕೆ ಬಿಡುಗಡೆ ಅಂತ ಅದನ್ನು ಮಾಡುವ ರಾಕ್‌ಸ್ಟಾರ್ ಕಂಪನಿ 2025ರ ನವೆಂಬರ್‌ನಲ್ಲಿ ಹೇಳಿತು. ಆ ಕಂಪನಿಯ ದೊಡ್ಡ ಸ್ಟುಡಿಯೊ ಒಂದು ಬೆಂಗಳೂರಿನಲ್ಲೇ ಇದೆ ಅಂತ ಗೊತ್ತಾದ ದಿನದಿಂದ ಅವನಿಗೆ ಅದು ಊರಿನ ಗೇಮ್. ಮೊನ್ನೆ ಫೋನ್ ಮಾಡಿದ್ದ. ಆಡಿ ಮುಗಿಸಿದ ಎರಡು ಡಿಸ್ಕ್ ಬಸ್ಸಿನಲ್ಲಿ ಕಳಿಸುತ್ತಾನಂತೆ, ನಾನು ಮೆಜೆಸ್ಟಿಕ್‌ನಲ್ಲಿ ಇಳಿಸಿಕೊಂಡು ಮಾರಿ ದುಡ್ಡು ಎತ್ತಿಡಬೇಕಂತೆ. ಬಟ್ಟೆಯಲ್ಲಿ ಸುತ್ತಿ ಕಳಿಸು ಮಾರಾಯ, ಗೀರಾದರೆ ಇನ್ನೂರು ಕಡಿಮೆ ಮಾಡುತ್ತಾರೆ ಅಂದೆ.